ಎರಡು ಗುಡ್ಡ, ನಡುವೆ ಸೂರ್ಯ

ಪೆನ್ಸಿಲ್ ಕೊಟ್ಟು, "ಏನಾದರೂ ಒಂದು ಚಿತ್ರ ಬಿಡಿಸಿ" ಅಂದರೆ ನಮ್ಮವರ ಕೈ ಎಲ್ಲಿಗೆ ಹೋಗುತ್ತದೆ, ಹೇಳಿ ನೋಡುವ? ಎರಡು ಗುಡ್ಡ, ಸಂದಿಯಲ್ಲಿ ಅರ್ಧ ಸೂರ್ಯ, ಅವನ ಸುತ್ತ ಹಿಡಿಸೂಡಿ ಕಡ್ಡಿಯ ಹಾಗೆ ಕಿರಣ. ಕೆಳಗೊಂದು ಹೊಳೆ, ಹೊಳೆಬದಿಗೆ ಹೆಂಚಿನ ಮನೆ, ಮನೆ ಪಕ್ಕ ಸೊಂಟ ಬಾಗಿಸಿದ ತೆಂಗಿನಮರ. ಜಾಗ ಉಳಿದರೆ ಆಕಾಶಕ್ಕೆ ನಾಲ್ಕು ಹಕ್ಕಿ, ಒಂದೊಂದಕ್ಕೂ ಎರಡೇ ಗೀಟು.

ಕುವೈತಿನ ಫಿಂಟಾಸಿನಲ್ಲಿರುವ ನಮ್ಮ ಡ್ರಾಯಿಂಗ್ ಕ್ಲಾಸಿನಲ್ಲಿ ಮಾಸ್ಟ್ರು ಮೊದಲ ದಿನ ಕೇಳಿದ್ದೂ ಇಷ್ಟೇ. ಕ್ಲಾಸು ಅಂದರೆ ದೊಡ್ಡದೇನಲ್ಲ, ಶುಕ್ರವಾರ ಸಂಜೆ ಒಂದು ಫ್ಲಾಟಿನ ಹಾಲಿನಲ್ಲಿ ಕುರ್ಚಿ ಎಳೆದುಕೊಂಡು ಕೂರುವುದು. ಬರೆದದ್ದನ್ನೆಲ್ಲ ನೆಲದ ಮೇಲೆ ಹರಡಿ ನೋಡಿದರೆ ಪುತ್ತೂರಿನವರದ್ದು, ಕೊಲ್ಲಂನವರದ್ದು, ವಿಜಯವಾಡದವರದ್ದು, ಇಲ್ಲೇ ಹುಟ್ಟಿ ಬೆಳೆದ ಹೈಸ್ಕೂಲು ಹುಡುಗಿಯದ್ದು, ಎಲ್ಲರದ್ದೂ ಅದೇ ಗುಡ್ಡ, ಅದೇ ಸೂರ್ಯ! ಆ ಹುಡುಗಿಯ ಗುಡ್ಡ ನೋಡಿ ನನಗೆ ನಗು ತಡೆಯಲಿಲ್ಲ. ಕುವೈತಿನಲ್ಲಿ ಗುಡ್ಡ ಎಲ್ಲುಂಟು ಮಾರಾಯ್ರೆ? ಜಹ್ರಾ ದಾಟಿದ ಮೇಲೆ ಮುತ್ಲಾ ಅಂತ ಒಂದು ದಿಣ್ಣೆ ಉಂಟು. ನಮ್ಮ ಕಡೆಯಾಗಿದ್ದರೆ ಅದಕ್ಕೆ ಹೆಸರಿಡುವ ಉಸಾಬರಿಗೂ ಯಾರೂ ಹೋಗುತ್ತಿರಲಿಲ್ಲ.

ಕಾರ್ಕಳದ ಮಗು ಗುಡ್ಡದ ಹಿಂದಿನಿಂದ ಸೂರ್ಯನನ್ನು ಎಬ್ಬಿಸಿದರೆ ಒಪ್ಪೋಣ, ಅಲ್ಲಿ ಪೂರ್ವಕ್ಕಿರುವುದೇ ಘಟ್ಟ. ಸಂಜೆಗೆ ಅವನನ್ನು ಮಲ್ಪೆಯ ಕಡಲಿಗೆ ಇಳಿಸಿದರೂ ಸರಿಯೇ. ಇಲ್ಲಿ ಎಲ್ಲ ತಿರುಗಾಮುರುಗಾ. ಫಿಂಟಾಸಿಗೆ ಕಡಲು ಇರುವುದು ಮೂಡಣಕ್ಕೆ. ಬೆಳಗ್ಗೆ ಸೂರ್ಯ ನೀರಿನಿಂದಲೇ ಏಳುತ್ತಾನೆ, ಸಂಜೆ ಫಹಾಹೀಲ್ ಹೆದ್ದಾರಿಯ ಆಚೆ, ಮರಳುಗಾಡಿನ ಕಡೆಗೆ ಹೋಗುತ್ತಾನೆ. ವರ್ಷಗಟ್ಟಲೆ ಇದೇ ಕಡಲಬದಿಯಲ್ಲಿ ವಾಕಿಂಗ್ ಮಾಡಿದವರು ಕೂಡ ಹಾಳೆ ಮುಂದಿಟ್ಟರೆ ಸೂರ್ಯನನ್ನು ಗುಡ್ಡದ ಸಂದಿಗೇ ಸಿಕ್ಕಿಸುತ್ತಾರೆ. ಕಣ್ಣಿಗೆ ಕಂಡದ್ದನ್ನು ಕೈ ನಂಬುವುದೇ ಇಲ್ಲ, ಏನು ಮಾಡುವುದು?

ನಮ್ಮ ಪಕ್ಕದ ಫ್ಲಾಟಿನಲ್ಲಿ ಪುತ್ತೂರಿನ ಅಕ್ಕ ಇದ್ದಾರೆ. ಅವರ ಬಾಲ್ಕನಿಗೂ ನಮ್ಮ ಬಾಲ್ಕನಿಗೂ ನಡುವೆ ಅವರ ಬಸಳೆ ಬಳ್ಳಿಯೇ ಬೇಲಿ. ಬೇಸಿಗೆಯಲ್ಲಿ ಬಸಳೆಯೂ ಸುಟ್ಟುಹೋಗುತ್ತದೆ, ಮಾತೂ ಕಿಟಕಿ ಒಳಗೆ ಸೇರುತ್ತದೆ. ನವೆಂಬರಿಗೆ ಎರಡೂ ಚಿಗುರುತ್ತವೆ. ನಾನು ಕ್ಲಾಸಿಗೆ ಸೇರಿದ್ದು ಗೊತ್ತಾದ ಕೂಡಲೇ ಎಲೆ ಸರಿಸಿ ಕೇಳಿದರು:

"ಎಂತ ಮಾರಾಯ್ತಿ, ಈ ಪ್ರಾಯದಲ್ಲಿ ಡ್ರಾಯಿಂಗಾ? ಮಾಡಿ ಎಂತಾಗ್ಲಿಕ್ಕುಂಟು?"

"ಎಂತ ಆಗ್ಲಿಕ್ಕೂ ಇಲ್ಲ ಅಕ್ಕ, ಸುಮ್ಮನೆ."

"ಸುಮ್ಮನೆ ಮಾಡ್ಲಿಕ್ಕೆ ದಿನಾರ್ ಕೊಡ್ಬೇಕಾ?"

ಅವರದ್ದೂ ತಪ್ಪಲ್ಲ. ನಾವು ಕಲಿಯುವ ಕಾಲಕ್ಕೆ ಡ್ರಾಯಿಂಗ್ ಪೀರಿಯಡ್ ಅಂದರೆ ಲೆಕ್ಕದ ಮಾಸ್ಟ್ರಿಗೆ ಪೋರ್ಷನ್ ಮುಗಿಸಲು ಇಟ್ಟ ಪೀರಿಯಡ್. ಚಂದ ಬರೆಯುವ ಒಬ್ಬಿಬ್ಬರು ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಕಟ್ಟಿ ಸರ್ಟಿಫಿಕೇಟು ತರುತ್ತಿದ್ದರು. ಉಳಿದ ನಾವೆಲ್ಲ ಅವರಿಂದ ಸಯನ್ಸ್ ರೆಕಾರ್ಡಿಗೆ ಕಪ್ಪೆ ಬರೆಸಿಕೊಳ್ಳುತ್ತಿದ್ದೆವು. ಕಲೆಗೂ ನಮಗೂ ಇದ್ದ ವ್ಯವಹಾರ ಅಷ್ಟೇ.

ಈ ಗುಡ್ಡದ ಚಟ ಬಿಡಿಸುವ ಕೆಲಸಕ್ಕೆ ಮಾಸ್ಟ್ರು ಹೂಡಿದ ಉಪಾಯ ಒಂದು ಇಸ್ತಿಕಾನ. ಇಲ್ಲಿನವರು ಹಾಲಿಲ್ಲದ ಚಹಾ ಕುಡಿಯುವ ಸೊಂಟ ಸಣ್ಣಗಿನ ಗಾಜಿನ ಲೋಟ, ಗೊತ್ತಲ್ಲ? ಅದರಲ್ಲಿ ಅರ್ಧ ಚಹಾ ಹೊಯ್ದು ಮೇಜಿನ ಮೇಲಿಟ್ಟು, "ಇದನ್ನು ಬರೆಯಿರಿ, ರಬ್ಬರ್ ಮುಟ್ಟಬೇಡಿ" ಅಂದರು. ಬರೆಯಲು ಕೂತ ಮೇಲೆಯೇ ಅದರ ಕಿತಾಪತಿ ಗೊತ್ತಾಗುವುದು. ಬಾಯಿ ದುಂಡಗಿದೆ ಅಂತ ಗೊತ್ತು, ಆದರೆ ಕೂತಲ್ಲಿಂದ ಕಾಣುವುದು ಚಪ್ಪಟೆ ಮೊಟ್ಟೆ. ಚಹಾದ ಮೇಲ್ಮೈ ಅದಕ್ಕಿಂತ ಸ್ವಲ್ಪ ಅಗಲ ತೆರೆದ ಮೊಟ್ಟೆ. ತಳದ್ದು ಇನ್ನೂ ದುಂಡು, ಯಾಕೆಂದರೆ ಕಣ್ಣಿನ ಮಟ್ಟದಿಂದ ಕೆಳಗೆ ಹೋದಷ್ಟೂ ನಾವು ಅದನ್ನು ಹೆಚ್ಚು ಮೇಲಿನಿಂದ ನೋಡುತ್ತಿರುತ್ತೇವೆ. ಹೆಚ್ಚಿನವರ ಹಾಳೆಯಲ್ಲಿ ತಳಕ್ಕೆ ಸ್ಕೇಲಿಟ್ಟ ಗೀಟು! ಲೋಟ ಮೇಜಿನ ಮೇಲೆ ಕೂತಿದೆಯಲ್ಲ, ತಳ ಸಪಾಟಾಗಿ ಇರಲೇಬೇಕು ಅಂತ ತಲೆಯ ವಾದ. ಮಾಸ್ಟ್ರು ಯಾರನ್ನೂ ಬಯ್ಯಲಿಲ್ಲ. ಕೈ ನೀಳಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯಿಂದ ಹೆಬ್ಬೆರಳಿನವರೆಗೆ ಅಳತೆ ಹಿಡಿಯಿರಿ, ಮೊಣಕೈ ಮಾತ್ರ ಮಡಚಬೇಡಿ ಅಂದರು. ಮಡಚಿದರೆ ಅಳತೆಯೇ ಬದಲಾಗುತ್ತದೆ. ನಾವಿಷ್ಟೂ ಜನ ಒಕ್ಕಣ್ಣರಾಗಿ ಒಂದು ಚಹಾ ಲೋಟಕ್ಕೆ ಗುರಿ ಹಿಡಿದು ಕೂತ ಹೊತ್ತಿಗೆ ನೀರಿನ ಮೀಟರ್ ನೋಡಲು ಬಂದ ಬಿಲ್ಡಿಂಗಿನ ಹಾರಿಸ್ (ಕಾವಲಿನವ) ಬಾಗಿಲಲ್ಲೇ ನಿಂತುಬಿಟ್ಟ. ಕೊನೆಗೆ, ಚಹಾ ತಣ್ಣಗಾಗುತ್ತಿದೆ ಅಂತ ಹೇಳಿ ಹೋದ.

ರಬ್ಬರ್ ಮುಟ್ಟಬಾರದು ಅನ್ನುವುದು ಮೊದಲಿಗೆ ಶಿಕ್ಷೆ ಅನಿಸುತ್ತದೆ. ಗೀಟು ಸರಿಯಾಗದಿದ್ದರೆ ಇರಲಿ, ಪಕ್ಕದಲ್ಲೇ ಇನ್ನೊಂದು ಎಳೆಯಿರಿ ಅನ್ನುತ್ತಾರೆ. ನನಗೆ ಈಗ ಅದೇ ಸರಿ ಅನಿಸುತ್ತದೆ. ರಬ್ಬರ್ ಕೈಯಲ್ಲಿದ್ದರೆ ನಾವು ಲೋಟ ನೋಡುವುದು ಬಿಟ್ಟು ಹಾಳೆಯನ್ನೇ ಉಜ್ಜುತ್ತಾ ಕೂರುತ್ತೇವೆ, 6ಬಿ ಪೆನ್ಸಿಲಾದರೆ ಕೇಳುವುದೇ ಬೇಡ, ಹಾಳೆಯೆಲ್ಲ ಮಸಿ. ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ರೇಖಾಚಿತ್ರ ನೋಡಿದ್ದೀರಾ? ಉಡುಪಿ ಹತ್ತಿರದ ಹಳ್ಳಿಯಿಂದ ಹೊರಟು ಬೊಂಬಾಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟಿನಲ್ಲಿ ಕಲಿತು, ಅಲ್ಲೇ ಪಾಠವನ್ನೂ ಹೇಳಿದವರು. ನರ್ತಕಿಯೊಬ್ಬಳನ್ನು ನಾಲ್ಕೇ ಗೆರೆಯಲ್ಲಿ ಕುಣಿಸಿಬಿಡುತ್ತಾರೆ. ರೇಖಾಚಿತ್ರಗಳ ಅವರ ಪುಸ್ತಕದ ಹೆಸರೇ 'ದಿ ಸಿಂಗಿಂಗ್ ಲೈನ್'. ಅದೇ ಜೆ.ಜೆ. ಸ್ಕೂಲು ಮೈಸೂರಿನ ಆರ್.ಕೆ. ಲಕ್ಷ್ಮಣರ ಅರ್ಜಿಗೆ ಪ್ರತಿಭೆ ಸಾಲದು ಅಂತ ಹೇಳಿ ಸೀಟು ಕೊಡಲಿಲ್ಲ. ಅವರು ಕಾಗೆ ಬರೆಯುತ್ತಾ ಮುಂದೆ ಹೋದರು, ನಮಗೆ 'ಕಾಮನ್ ಮ್ಯಾನ್' ಸಿಕ್ಕಿದ. ಇದನ್ನು ಬಸಳೆ ಬೇಲಿಯ ಮೇಲಿಂದ ಹೇಳಿದರೆ ಅಕ್ಕ, "ಹಾಗಾದ್ರೆ ಕ್ಲಾಸಿಗೆ ಹೋಗದಿದ್ರೇ ಒಳ್ಳೇದಲ್ಲ?" ಅನ್ನುವುದಾ! ಅವರ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

ಚಳಿಗಾಲದಲ್ಲಿ ಕೆಲವು ಶನಿವಾರ ಮಾಸ್ಟ್ರು ಹೊರಗೆ ಕರೆದುಕೊಂಡು ಹೋಗುತ್ತಾರೆ. ನೀಲಿ-ಬಿಳಿ ಪಟ್ಟೆಯ ನೀರಿನ ಟ್ಯಾಂಕಿಗಳನ್ನು ಬರೆಸಿದ್ದು ಹಾಗೊಂದು ಸಲ. ಎಲ್ಲರೂ ಅಣಬೆ ಅಂತಲೇ ಕರೆಯುವುದು. ಸ್ವೀಡನ್ನಿನ ಸೂನೆ ಲಿಂಡ್‌ಸ್ಟ್ರೋಮ್ ಎನ್ನುವವರ ವಿನ್ಯಾಸ, ಐದು ಕಡೆ ಗುಂಪು ಗುಂಪಾಗಿ ಒಟ್ಟು 31 ಇವೆಯಂತೆ. ಆರನೆಯ ಕಡೆಗೆ ಬೇರೆ ಏನಾದರೂ ಚಂದದ್ದು ಬೇಕು ಅಂತ ಅಮೀರರು ಕೇಳಿದ್ದಕ್ಕೆ ಬಂದದ್ದು ಕುವೈತ್ ಟವರ್ಸ್, 1979ರಲ್ಲಿ ತೆರೆದದ್ದು. ಫೋಟೋ ತೆಗೆಸಿಕೊಳ್ಳಲು ಎಲ್ಲರೂ ಟವರ್ಸಿಗೆ ಓಡುತ್ತಾರೆ, ಕಲಿಯುವವರಿಗೆ ಮಾತ್ರ ಅಣಬೆಯೇ ಗುರು. ಪಟ್ಟೆಗಳು ನಡುವೆ ಅಗಲ ಕಂಡು, ಅಂಚಿಗೆ ಹೋದಂತೆ ಒಂದಕ್ಕೊಂದು ಒತ್ತಿಕೊಂಡು ಸಪೂರ ಆಗುತ್ತವೆ. ಪಟ್ಟೆಯ ಅಗಲ ಸರಿಯಾದರೆ ಸಾಕು, ನೆರಳು ಹಾಕದೆಯೇ ಟ್ಯಾಂಕಿ ಗುಂಡಗಾಗಿ ನಿಲ್ಲುತ್ತದೆ. ಧೂಳೆದ್ದ ದಿನವೂ ಮಾಸ್ಟ್ರಿಗೆ ಖುಷಿಯೇ. ಹತ್ತಿರದ ಬಿಲ್ಡಿಂಗ್ ಕಪ್ಪು, ಅದರ ಹಿಂದಿನದ್ದು ಬೂದಿ, ಮಹಬೂಲಾ ಕಡೆಯದ್ದು ಇದೆಯೋ ಇಲ್ಲವೋ ಅನ್ನುವಷ್ಟು. ದೂರವನ್ನು ತೋರಿಸುವುದು ಹೇಗೆ ಅಂತ ಕುವೈತಿನ ಗಾಳಿ ಪುಕ್ಕಟೆ ಪಾಠ ಮಾಡುತ್ತದೆ. ಗಂಟಲು ಕಟ್ಟುವುದು ಬೇರೆ ಲೆಕ್ಕ.

ಈಗ ಮುಖ ಬರೆಯುವ ಪಾಠ ಶುರುವಾಗಿದೆ. ಕಣ್ಣು ಇರುವುದು ತಲೆಯ ಸರಿ ನಡುಮಧ್ಯೆ, ನಾವೆಲ್ಲ ಅದನ್ನು ಹಣೆಗೆ ಹತ್ತಿಸಿಬಿಡುತ್ತೇವೆ. ಅಭ್ಯಾಸಕ್ಕೆ ಒಂದು ಮುಖ ಬೇಕಿತ್ತು, ಅಕ್ಕನನ್ನೇ ಕೇಳಿದೆ. ಡ್ರಾಯಿಂಗ್ ಎಂತಕ್ಕೆ ಅಂದವರು ಮರುದಿನ ಕರಿಮಣಿ ಸರ ಸರಿಮಾಡಿಕೊಂಡು, ಜರಿ ಸೀರೆ ಉಟ್ಟು, ನಮ್ಮ ಸೋಫಾದಲ್ಲಿ ಕೂತಿದ್ದರು.

"ನೋಡು, ಕಂಡದ್ದನ್ನೆಲ್ಲ ಬರೀಬೇಡ. ಕಣ್ಣಡಿಯ ಕಪ್ಪು ಬಿಡು. ಗಲ್ಲ ಒಂದೇ ಸಾಕು, ಕೆಳಗಿನದ್ದು ಬೇಡ."

"ಕಂಡದ್ದನ್ನೇ ಬರೀಬೇಕು ಅಂತಲ್ಲವಾ ಅಕ್ಕ ಮಾಸ್ಟ್ರು ಹೇಳುವುದು?"

"ಅವರ ಹೆಂಡತಿಯ ಚಿತ್ರ ಅವರು ಹೇಗೆ ಬರೆದಿದ್ದಾರೆ ಅಂತ ಮೊದಲು ನೋಡಿಕೊಂಡು ಬಾ," ಅಂದರು. "ಮತ್ತೆ ಮಾತಾಡುವ."