ಮಳೆಯೋ? ಹಿಮವೋ? ಮಿಕ್ಸೋ?

ಬೇ ಏರಿಯಾದ ಕನ್ನಡಿಗರಿಗೆ ಹಿಮ ಬೇಕೆಂದರೆ ಟಾಹೋ ಕಡೆಗೆ ನಾಲ್ಕು ಗಂಟೆ ಕಾರು ಓಡಿಸಬೇಕು. ಡಿಕ್ಕಿಯಲ್ಲಿ ಟೈರಿನ ಚೈನು, ಅದರ ಮೇಲೆ ಪುಳಿಯೋಗರೆ ಡಬ್ಬಿ, ಮುಂದಿನ ಸೀಟಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡ ನಮ್ಮ ಮಾವನವರು, ಸಾಕ್ಷಾತ್ ಮಂಡ್ಯದವರು.

ಈ ಸಲ ಮಗಳಿಗೆ ವಿಜ್ಞಾನಿಗಳಿಗೆ ನೆರವಾಗುವ ಕೆಲಸ ಬೇರೆ ಇತ್ತು. ನಾಸಾ ಬೆಂಬಲದ 'ಮೌಂಟನ್ ರೇನ್ ಆರ್ ಸ್ನೋ' ಯೋಜನೆಗೆ ಯಾರು ಬೇಕಾದರೂ ಫೋನಿನಲ್ಲಿ ವರದಿ ಕಳಿಸಬಹುದು. ಉತ್ತರ ಮೂರೇ: ಮಳೆ, ಹಿಮ, ಮಿಕ್ಸ್. ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿದ್ದರೆ ಬೀಳುತ್ತಿರುವುದು ಏನೆಂದು ಉಪಗ್ರಹಕ್ಕೂ ರೇಡಾರಿಗೂ ಸರಿಯಾಗಿ ತಿಳಿಯದು. ಅದಕ್ಕೇ ಕಣ್ಣಿದ್ದವರನ್ನು ಕೇಳುತ್ತಾರೆ. ಒಂದೇ ಮನೆಯ ನಾಲ್ವರನ್ನು ಕೇಳಿದರೆ ಏನಾಗುತ್ತದೆಂದು ಪಾಪ, ಅವರಿಗೆ ಗೊತ್ತಿಲ್ಲ.

ಮಗಳು ತೋಳು ಚಾಚಿದಳು. ಕಪ್ಪು ಜಾಕೆಟ್ಟಿನ ಮೇಲೆ ಬಿಳಿ ಚೂರೊಂದು ಕೂತು, ಅಂಚಿನಿಂದ ಕರಗಿ, ಹನಿಯಾಗಿ ಜಾರಿತು.

"ಹಿಮ," ಅಂದೆ.

"ಒದ್ದೆಯಾಗಿದೆಯಲ್ಲೇ, ಮಳೆ!" ಅಂದರು ಯಜಮಾನರು.

"ಏನಾದ್ರೂ ಬೀಳ್ಲಿ, ಡ್ಯಾಮಿಗೆ ಒಳಹರಿವು ಎಷ್ಟು?" ಅಂದರು ಮಾವನವರು. ಕೆಆರ್‌ಎಸ್‌ನ 124.80 ಅಡಿ ಲೆಕ್ಕದಲ್ಲೇ ಬಾಳಿದ ಜೀವ ಅದು.

ಮೊಮ್ಮಗಳು ವಿವರಿಸಿದಳು: ಕ್ಯಾಲಿಫೋರ್ನಿಯಾದ ನೀರಿನಲ್ಲಿ ಸುಮಾರು ಶೇ. 30ರಷ್ಟು ಸಿಯೆರಾ ಬೆಟ್ಟಗಳ ಹಿಮದ್ದು. ಮಳೆಯಾದರೆ ಆಗಲೇ ಹರಿದುಹೋಗುತ್ತದೆ; ಹಿಮವಾದರೆ ಬೆಟ್ಟದ ಮೇಲೆ ಕೂತಿದ್ದು ಬೇಸಿಗೆಗೆ ನಿಧಾನವಾಗಿ ಇಳಿದುಬರುತ್ತದೆ. ಟಾಹೋ ಬಳಿಯ ಫಿಲಿಪ್ಸ್ ಸ್ಟೇಷನ್ನಿನಲ್ಲಿ ಉದ್ದನೆಯ ಕೊಳವೆ ಚುಚ್ಚಿ ಹಿಮವನ್ನು ತೂಗುತ್ತಾರೆ. 2015ರ ಏಪ್ರಿಲ್ 1ರಂದು ಗವರ್ನರ್ ಜೆರ್ರಿ ಬ್ರೌನ್ ಅಲ್ಲಿಗೆ ಹೋದಾಗ ಕಾಲಡಿ ಬರೀ ಒಣಹುಲ್ಲು, ಅಂದೇ ಶೇ. 25ರಷ್ಟು ನೀರು ಉಳಿಸಲು ಆಜ್ಞೆ ಹೊರಡಿಸಿದರು.

"ಹುಲ್ಲಿನ ಮೇಲೆ ನಿಂತು ಆಜ್ಞೆ ಮಾಡಿದ್ರಾ? ನಮ್ಮ ಮಂತ್ರಿಗಳು ಡ್ಯಾಮ್ ತುಂಬಿದ ಮೇಲೆ ಬಾಗಿನ ಕೊಡೋಕೆ ಮಾತ್ರ ಬರ್ತಾರೆ," ಅಂದ ಮಾವನವರಿಗೆ ಕ್ಯಾಲಿಫೋರ್ನಿಯಾದ ಮೇಲೆ ಗೌರವ ಹುಟ್ಟಿತು.

ಅಷ್ಟರಲ್ಲಿ ಮಗಳು ನಮ್ಮಿಬ್ಬರ ಸಂಸಾರ ಉಳಿಸುವಂತೆ 'ಮಿಕ್ಸ್' ಒತ್ತಿಬಿಟ್ಟಳು.

"ನೀರೆಲ್ಲ ಇಲ್ಲೇ ಉಳಿಯುತ್ತಾ ಪುಟ್ಟಿ?"

"ಇಲ್ಲ ತಾತ, ಉತ್ತರದ ನೀರನ್ನ ಕಾಲುವೆ ಮಾಡಿ ದಕ್ಷಿಣಕ್ಕೆ, ಲಾಸ್ ಏಂಜಲೀಸ್ ಕಡೆಗೂ ಕಳಿಸ್ತಾರೆ."

ಮಾವನವರು ಮಂಕಿ ಕ್ಯಾಪ್ ಕಿತ್ತು ತೊಡೆಯ ಮೇಲಿಟ್ಟರು. "ಇಲ್ಲೂ ಕೆಳಗಿನೋರಿಗೆ ಬಿಡ್ಬೇಕಾ? ಮಗಾ, ಕಾರು ತಿರುಗ್ಸು. ಇಲ್ಲಿ ಧರಣಿ ಎಲ್ಲಿ ಕೂರ್ತಾರೆ ಅಂತ ಕೇಳ್ಕೊಂಡು ಬರೋಣ."