ಹುಕುಂ ಕಾಕಾ

ಮುಧೋಳದಲ್ಲಿ ಇವರಿದ್ದಾರೆ. ಜಮಖಂಡಿಯಲ್ಲಿದ್ದಾರೆ, ಬೀಳಗಿಯ ಕಬ್ಬಿನ ಹೊಲದ ಬದುವಿನ ಮೇಲಿದ್ದಾರೆ, ರಬಕವಿ-ಬನಹಟ್ಟಿಯ ಮಗ್ಗದ ಓಣಿಯಲ್ಲೂ ಇದ್ದಾರೆ. ಊರು ಯಾವುದಾದರೂ ಕೈಯಲ್ಲೊಂದು ಹಗ್ಗ. ಹಗ್ಗದ ಆ ತುದಿಗೆ ಉದ್ದ ಮೂತಿಯ, ಒಳಸೇರಿದ ಹೊಟ್ಟೆಯ ಮುಧೋಳ ನಾಯಿ. ಈ ತುದಿಗೆ ಹೊಟ್ಟೆ ಎಂದೂ ಒಳಸೇರದ ಕಾಕಾ. ಓಣಿಯವರು ಎದುರಿಗೆ ‘ಕಾಕಾರ’ ಅನ್ನುತ್ತಾರೆ, ಬೆನ್ನ ಹಿಂದೆ ಹುಕುಂ ಕಾಕಾ.

2020ರ ಆಗಸ್ಟ್‌ನಲ್ಲಿ ಪ್ರಧಾನಿಗಳು ‘ಮನ್ ಕಿ ಬಾತ್’ನಲ್ಲಿ ಮುಧೋಳ ತಳಿಯ ಹೆಸರೆತ್ತಿದ್ದೇ ತಡ, ಕಾಕಾ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ದಾರಿ ಹಿಡಿದರು. ಮರಿಯ ಜೊತೆಗೆ ಇತಿಹಾಸವೂ ಮನೆಗೆ ಬಂತು. ಚಹಾ ಕುಡಿಯಲು ಹೋದವರಿಗೆ ಬಿಡುಗಡೆಯಿಲ್ಲ: ಮಾಲೋಜಿರಾವ್ ಘೋರ್ಪಡೆ ಮಹಾರಾಜರು ತಳಿ ಬೆಳೆಸಿದ್ದು, ಐದನೇ ಜಾರ್ಜ್ ದೊರೆಗೆ ಜೋಡಿ ಕೊಟ್ಟಿದ್ದು, 2005ರ ಐದು ರೂಪಾಯಿಯ ಅಂಚೆಚೀಟಿ, 2016ರಲ್ಲಿ ಮರಿಗಳು ಮೇರಠ್‌ನ ಸೇನಾ ಕೇಂದ್ರಕ್ಕೆ ಹೋಗಿದ್ದು.

“ಮಿಲಿಟ್ರಿ ತಳಿರಿ ಇದು. ಹುಕುಂ ಅಂದ್ರ ಹುಕುಂ! ಕ್ಯಾಪ್ಟನ್, ಸಿಟ್!”

ಕ್ಯಾಪ್ಟನ್ ನಿಂತೇ ಇರುತ್ತದೆ.

“ಬೈಠ್!”

ಅದು ದೂರದ ಆಡಿನ ಮರಿಯನ್ನು ನೋಡುತ್ತಿದೆ.

“ಏ, ಕುಂದರಲೇ!”

ಆಡು ಮರೆಯಾದ ಮೇಲೆ ಬೇಸರಗೊಂಡ ನಾಯಿ ಕಾಲು ಚಾಚಿ ನೆಲಕ್ಕೊರಗುತ್ತದೆ. ಕಾಕಾ ಅರೆಕ್ಷಣವೂ ತಡಮಾಡುವುದಿಲ್ಲ. “ಮಕ್ಕೋ! ನೋಡಿದ್ರಿ? ಹೆಂಗ ಮಾತ ಕೇಳ್ತೈತಿ!”

ಇದೇ ಅವರ ವಿದ್ಯೆ. ನಾಯಿ ಎದ್ದ ಮೇಲೆ “ಏಳು”, ಕಂಬದ ಬುಡಕ್ಕೆ ನಡೆದ ಮೇಲೆ “ಹೋಗು”, ಬೊಗಳಿ ಸಾಕಾಗಿ ಬಾಯಿ ಮುಚ್ಚಿದ ಮೇಲೆ “ಸುಮ್ನಿರು”. ಆಗಿಹೋದದ್ದಕ್ಕೆ ಅಪ್ಪಣೆ ಕೊಡುವ ಈ ಕಲೆಯಿಂದ ಎಷ್ಟೋ ಜನ ಪಂಚಾಯ್ತಿ ಗೆದ್ದಿದ್ದಾರೆ. ಕಾಕಾ ನಾಯಿಗಷ್ಟೇ ಬಳಸಿದ್ದು ಅವರ ದೊಡ್ಡತನ.

ನಾಯಿಯದೇನೂ ತಪ್ಪಿಲ್ಲ. ಇದು ಮೂಸಿ ಹುಡುಕುವ ಜಾತಿಯಲ್ಲ, ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವ ಜಾತಿ. ಬೇಟೆಯಲ್ಲಿ ಒಡೆಯ ಎಲ್ಲೋ ಹಿಂದೆ ಏದುಸಿರು ಬಿಡುತ್ತಿರುವಾಗ ಎತ್ತ ತಿರುಗಬೇಕೆಂದು ಓಡುವ ನಾಯಿಯೇ ನಿಶ್ಚಯಿಸಬೇಕು. ತಲೆತಲಾಂತರದಿಂದ ಹಾಗೆ ಬಂದದ್ದು, ಕಾಕಾನ ಮೂರು ಭಾಷೆಗಳ ಹುಕುಮಿಗೆ ಕಾದು ಕೂರುತ್ತದೆಯೇ? ಕೂಗಾಡಿದರೆ, ಬೆತ್ತ ಎತ್ತಿದರೆ ಇನ್ನೂ ಕೆಟ್ಟಿತು. ಈ ತಳಿ ಬಲು ಸೂಕ್ಷ್ಮ, ಮುದುಡಿ ಮೂಲೆ ಸೇರುತ್ತದೆ.

ಒಳಗೆ ಕಾಕೂ ಇದ್ದಾರೆ. ಅವರಿಗೆ ಐದನೇ ಜಾರ್ಜ್ ಗೊತ್ತಿಲ್ಲ. ರೊಟ್ಟಿಯ ಚೂರನ್ನು ನಾಯಿಯ ಮೂಗಿನ ಮೇಲೆ ಹಿಡಿದು ನಿಧಾನ ಹಿಂದಕ್ಕೆ ಸರಿಸುತ್ತಾರೆ. ಮೂತಿ ಮೇಲೆದ್ದಂತೆ ಕುಂಡೆ ತಾನಾಗಿ ನೆಲ ಮುಟ್ಟುತ್ತದೆ. ಆಗ ಮೆಲ್ಲಗೆ “ಕುಂದರು” ಎಂದು ಚೂರು ಬಾಯಿಗಿಡುತ್ತಾರೆ. ದಿನಾ ಅದೇ ಶಬ್ದ, ಒಲೆ ಆರುವುದರೊಳಗೆ ಪಾಠ ಮುಗಿಯಿತು. ಈಗ ರೊಟ್ಟಿ ಕಾಣದಿದ್ದರೂ ಕಾಕೂ ಮಾತಿಗೆ ಕ್ಯಾಪ್ಟನ್ ಕೂರುತ್ತದೆ.

“ಅದು ಹೊಟ್ಟಿಬಾಕತನ, ಶಿಸ್ತಲ್ಲ,” ಎಂಬುದು ಕಾಕಾನ ತೀರ್ಪು.

ಮೊನ್ನೆ ಹೊಲದಲ್ಲಿ ಶಿಸ್ತು ತೋರಿಸಲು ಹಗ್ಗ ಬಿಚ್ಚಿದರು. ಬದುವಿನಿಂದ ಮೊಲ ಎದ್ದಿತು. ಕಾಕಾ “ಸ್ಟೇ” ಅನ್ನುವಷ್ಟರಲ್ಲಿ ನಾಯಿ ಎರಡು ಹೊಲ ದಾಟಿತ್ತು. ನಾಲ್ಕು ಜನ ನೋಡುತ್ತಿದ್ದರು. ಕಾಕಾ ಧೋತರ ಸಾವರಿಸಿಕೊಂಡು ಗಟ್ಟಿಯಾಗಿ ಕೂಗಿದರು: “ಓಡು!”

ಪುಣ್ಯಕ್ಕೆ ಮೊಲ ಕಬ್ಬಿನೊಳಗೆ ನುಗ್ಗಿ ಪಾರಾಯಿತು. ಮರಿ ತರುವವರು ಮನೆಮಂದಿಯೆಲ್ಲ ಒಂದೇ ಶಬ್ದಕ್ಕೆ ಒಪ್ಪಿಕೊಂಡು ತನ್ನಿರಿ, ಬಯಲಿನಲ್ಲಿ ಹಗ್ಗ ಬಿಚ್ಚಬೇಡಿರಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮೊಲದ ಬೇಟೆ ಅಪರಾಧ. ಹುಕುಂ ಕೊಟ್ಟವರು ಯಾರೆಂದು ಅರಣ್ಯ ಇಲಾಖೆಯವರು ಕೇಳಿದರೆ, ಕಾಕಾನ ಬಳಿ ನಾಲ್ಕು ಸಾಕ್ಷಿಗಳಿದ್ದಾರೆ.