ಭಾವಿ ಶಾಸಕರ ಸೀಮೆ

ಸಿಂಧನೂರು, ಲಿಂಗಸುಗೂರು, ಮಸ್ಕಿ. ಮಳೆಗೆ ಬರ ಬಂದೀತು, ಇಲ್ಲಿ ಭವಿಷ್ಯಕ್ಕೆ ಬರವಿಲ್ಲ. ಬಸ್ ಸ್ಟ್ಯಾಂಡ್ ಎದುರು ಕತ್ತೆತ್ತಿ ನೋಡಿ. ಫ್ಲೆಕ್ಸ್ ತುಂಬ ಭಾವಿ ಶಾಸಕರು. ಬಿಳಿ ಅಂಗಿ, ಮುಗಿದ ಕೈ, ಹತ್ತು ಬೆರಳಿಗೆ ಆರು ಉಂಗುರ. ಅಡಿಯಲ್ಲಿ ಸಣ್ಣ ಸಣ್ಣ ಮುಖಗಳ ಸಾಲು. ಒಬ್ಬೊಬ್ಬನೂ ಭಾವಿ ಜಿಲ್ಲಾ ಪಂಚಾಯಿತಿ ಸದಸ್ಯ. ನಮ್ಮ ಕಾಲದ ಭವಿಷ್ಯದ ಕಲೆ ಇದೇ. ಚದರಡಿ ಲೆಕ್ಕದಲ್ಲಿ ಪ್ರಿಂಟಾಗುತ್ತದೆ. ಮಳೆ ಬಂದರೆ ಮೆಣಸಿನಕಾಯಿ ರಾಶಿಗೆ ಹೊದಿಕೆಯಾಗುತ್ತದೆ. ಅಷ್ಟಾದರೂ ಉಪಯೋಗಕ್ಕೆ ಬಂತಲ್ಲ.

ಧರ್ಮದಲ್ಲೂ ಭವಿಷ್ಯಕ್ಕೆ ಕೊರತೆಯಿಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಗೊರವಯ್ಯ ಬಿಲ್ಲೇರಿ ಒಂದೇ ಸಾಲು ಕಾರಣಿಕ ನುಡಿಯುತ್ತಾರೆ. ಟಿವಿಯವರು ವಾರವಿಡೀ ಅದರ ಅರ್ಥ ಬಿಡಿಸುತ್ತಾರೆ. ಗೆದ್ದವರಿಗೆ ಅದರಲ್ಲಿ ಮಳೆ ಬೆಳೆ ಕಾಣುತ್ತದೆ. ಸೋತವರಿಗೆ ಸರ್ಕಾರ ಬೀಳುವುದು ಕಾಣುತ್ತದೆ. ಗೊರವಯ್ಯನವರ ತಪ್ಪೇನಿಲ್ಲ. ಅವರು ಉಪವಾಸವಿದ್ದು ನುಡಿಯುತ್ತಾರೆ. ಇವರು ಉಂಡು ತೇಗಿ ವ್ಯಾಖ್ಯಾನಿಸುತ್ತಾರೆ.

ಒಗಟು ಬಿಡಿಸುವ ಈ ಜಾಣರಿಗೆ ಲೆಕ್ಕ ಓದಲು ಬರುವುದಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ 105ರ ಆಸುಪಾಸು. ಉಳಿದದ್ದು ಹೂಳು. ಇದನ್ನು ಹೇಳಲು ಯಾರೂ ಬಿಲ್ಲೇರಬೇಕಿಲ್ಲ. ಎಂಜಿನಿಯರುಗಳು ಅಳೆದು ಬರೆದಿಟ್ಟಿದ್ದಾರೆ. ನಾವು ಮಾಡಿದ್ದೇನು? ತುಂಬಿದಾಗ ಬಾಗಿನ ಬಿಟ್ಟೆವು.

2024ರ ಆಗಸ್ಟ್ 10ರ ರಾತ್ರಿ ಅದೇ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಯಿತು. ಗೇಟು ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಎಲ್ಲರೂ ತ್ರಿಕಾಲಜ್ಞಾನಿಗಳು. ಗೇಟು ಹಳತಾಗಿತ್ತಂತೆ! ಎಪ್ಪತ್ತು ವರ್ಷದ ಕಬ್ಬಿಣ ಹಳತಾಗದೆ ಹರೆಯಕ್ಕೆ ಬರುತ್ತದೆಯೇ? ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ನೆಲದಾಳದ ಚಿನ್ನವನ್ನು ಕೊರೆದು ಲೆಕ್ಕ ಹಾಕುತ್ತೇವೆ. ಕಣ್ಣೆದುರು ನೇತಾಡುವ ಸರಪಳಿಯ ಆಯಸ್ಸು ನಮಗೆ ದೈವಚಿತ್ತ.

ಜಲಾಶಯದ ಎಡದಂಡೆ ಕಾಲುವೆಯ ಕಥೆ ಇನ್ನೂ ಚೆಂದ. ಅದು ಹುಟ್ಟಿದ್ದು ಅರೆ ನೀರಾವರಿಗೆ. ಜೋಳ, ಹತ್ತಿಯಂಥ ಬೆಳೆಗೆ. ಸಿಂಧನೂರು ಭತ್ತದ ಕಣಜವಾಯಿತು. ಕಣಜ ಎಂದು ವೇದಿಕೆಯಲ್ಲಿ ಎದೆಯುಬ್ಬಿಸಿದವರೇ ಕೆಳಗಿಳಿದು, ಕೊನೆ ಭಾಗಕ್ಕೆ ನೀರು ಮುಟ್ಟಲಿಲ್ಲವೆಂದು ಧರಣಿಗೆ ಬೆಂಬಲ ಕೊಡುತ್ತಾರೆ. ಮೇಲ್ಭಾಗದಲ್ಲಿ ಕಾಲುವೆಗೆ ಪಂಪ್‌ಸೆಟ್ ಇಟ್ಟವರು ಯಾರ ಕಡೆಯವರು ಎಂದು ಮಾತ್ರ ಕೇಳಬೇಡಿ. ಅದನ್ನು ಮುಂದಿನ ಸಭೆಯಲ್ಲಿ ಚರ್ಚಿಸುತ್ತಾರೆ.

ತತ್ವಜ್ಞಾನ ಬೇಕೇ? ಮಸ್ಕಿಯ ಬಂಡೆಗೆ ಹೋಗಿ. ಚಿನ್ನ ಹುಡುಕುತ್ತ ಬಂದ ಎಂಜಿನಿಯರ್ ಬೀಡನ್ 1915ರಲ್ಲಿ ಕಂಡ ಶಾಸನ ಅದು. ಅಶೋಕನ ಹೆಸರು ಅದರಲ್ಲಿದೆ ಎಂದು ಶಾಲೆಯ ಮಕ್ಕಳಿಗೂ ಬಾಯಿಪಾಠ. ಅದರಲ್ಲೊಂದು ಭವಿಷ್ಯವೂ ಇದೆ, ಅದು ಯಾರಿಗೂ ಬೇಡ. ಸಣ್ಣವರು ದೊಡ್ಡವರು ಇಬ್ಬರೂ ಧರ್ಮದಂತೆ ನಡೆದರೆ ಆ ಕೆಲಸ ಬಹುಕಾಲ ಬಾಳಿ ಒಂದೂವರೆಯಷ್ಟು ಬೆಳೆಯುತ್ತದೆಯಂತೆ. ನಡೆದರೆ! ಚಕ್ರವರ್ತಿಯೇ ಷರತ್ತು ಹಾಕಿದ್ದಾನೆ. ಹತ್ತು ಪಟ್ಟು, ನೂರು ಪಟ್ಟು ಎಂದು ಬೊಗಳೆ ಬಿಟ್ಟಿಲ್ಲ. ಒಂದೂವರೆ, ಅಷ್ಟೇ. ಇಂಥವನಿಗೆ ಇವತ್ತು ಯಾವ ಪಕ್ಷವೂ ಟಿಕೆಟ್ ಕೊಡುವುದಿಲ್ಲ.

ಅದೇ ಮಸ್ಕಿ ತಾಲೂಕಿನ ಪಾಮನಕಲ್ಲೂರಿನಲ್ಲಿ ಹೊಲಕ್ಕೆ ನೀರುಣಿಸಲು 5ಎ ಎಂಬ ಕಾಲುವೆ ಬೇಕೆಂದು ರೈತರು ಧರಣಿ ಕೂತರು. 2021ರ ಏಪ್ರಿಲ್‌ನಲ್ಲಿ ಉಪಚುನಾವಣೆ ಬಂತು. ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: “ಮೊದಲ ಗೆಲ್ಲಸ್ರೀ, ಆಮ್ಯಾಲ ನೋಡೋಣು.” ಶಾಸಕರು ಬದಲಾದರು. ಆಮೇಲೆ ಸರ್ಕಾರವೂ ಬದಲಾಯಿತು. ನೋಡುವುದು ನಡೆದೇ ಇದೆ.